ಮಾರುತಿ 800ಕ್ಕೆ ಯಾವ ಇಂಜಿನ್ ಹಾಕಿಸಲಿ? ಕೈಯಲ್ಲಿರೋದು 35 ಸಾವಿರ

ಗಣಿತದಕ್ಕ, ಸಾಗರ

ಎಲ್ಲರಿಗೂ ನಮಸ್ಕಾರ. ಗಾಡಿ 1999ರ ಮಾರುತಿ 800. ಬಿಳಿ ಬಣ್ಣ, ಕಾರ್ಬುರೇಟರ್ ಮಾಡೆಲ್ಲು, ನಾಲ್ಕು ಗೇರು, ಎ.ಸಿ. ಇಲ್ಲ. ಅಪ್ಪ ಶೋರೂಮಿನಿಂದ ತಂದಿದ್ದು, ಈಗ ಓಡಿಸೋದು ನಾನು. ತಾಳಗುಪ್ಪ ಕಡೆಯ ನಮ್ಮೂರಿಂದ ಸಾಗರದ ಶಾಲೆಗೆ ಹೋಗಿಬರೋದು, ಸುಗ್ಗಿಯಲ್ಲಿ ಹಿಂದಿನ ಸೀಟು ಮಡಚಿ ಅಡಕೆ ಚೀಲ ತುಂಬೋದು, ಆಗೊಮ್ಮೆ ಈಗೊಮ್ಮೆ ಹುಲಿಕಲ್ ಘಾಟಿ ಇಳಿದು ಕುಂದಾಪುರದ ಅತ್ತೆ ಮನೆಗೆ. ಅದಕ್ಕೆ ಇಷ್ಟೇ ಕೆಲಸ.

ತೊಂದರೆ ಹೀಗಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ನೀಲಿ ಹೊಗೆ. ಸ್ವಲ್ಪ ಹೊತ್ತಿಗೆ ಕಮ್ಮಿ ಆಗುತ್ತೆ, ಪೂರ್ತಿ ನಿಲ್ಲಲ್ಲ. ಸುಮಾರು 800 ಕಿ.ಮೀ.ಗೆ ಒಂದು ಲೀಟರ್ ಇಂಜಿನ್ ಆಯಿಲ್ ಕುಡೀತಿದೆ. ಘಾಟಿ ಹತ್ತುವಾಗ ಎರಡನೇ ಗೇರಿಗೂ ಎಳೆಯಲ್ಲ, ಮೊದಲನೇ ಗೇರಿನಲ್ಲೇ ಅಳ್ತಾ ಬರುತ್ತೆ. ಸಿಗ್ನಲ್ಲಿನಲ್ಲಿ ನಿಂತರೆ ಸ್ಟೀರಿಂಗ್ ಸಮೇತ ನಡುಗುತ್ತೆ. ಹೋದ ಬೇಸಿಗೆಯಲ್ಲಿ ರೇಡಿಯೇಟರ್ ಪೈಪು ಒಡೆದು ಒಮ್ಮೆ ಚೆನ್ನಾಗಿ ಬಿಸಿ ಆಗಿತ್ತು. ಪೈಪು ಬದಲಾಯಿಸಿ ಓಡಿಸ್ತಾ ಇದೀನಿ.

ಮೂರು ಕಡೆ ಕೇಳಿದೆ:

ಊರಿನ ಗ್ಯಾರೇಜಿನವರು: "ಇಂಜಿನ್ ಮುಗೀತು. ಗುಜರಿಯಿಂದ ಒಂದು ತರಿಸೋಣ, ಕೂರಿಸಿ ಕೊಡೋದಕ್ಕೆ ಎಲ್ಲ ಸೇರಿ 30 ಸಾವಿರ."

ಶಿವಮೊಗ್ಗದ ಒಬ್ಬರು: "ರೆಡಿ ಇಂಜಿನ್ ಇದೆ, ರಿಕಂಡಿಷನ್ ಮಾಡಿದ್ದು. ನಿಮ್ಮದು ಕೊಟ್ಟು ಇದನ್ನ ತಗೊಂಡು ಹೋಗಿ. 45 ಸಾವಿರ, ಒಂದೇ ದಿನದ ಕೆಲಸ."

ಅಪ್ಪ: "ಗಾಡಿಗೆ ಏನೂ ಆಗಿಲ್ಲ. ನಿನಗೆ ಓಡಿಸೋಕೆ ಬರಲ್ಲ."

ಮೂರನೇ ಅಭಿಪ್ರಾಯ ಪುಕ್ಕಟೆ, ಆದರೂ ಅದನ್ನ ಲೆಕ್ಕಕ್ಕೆ ಹಿಡಿದಿಲ್ಲ. ಆರ್.ಸಿ. 2029ರವರೆಗೆ ಇದೆ. ಅಲ್ಲಿವರೆಗೆ ದಾರೀಲಿ ನಿಲ್ಲಿಸದೆ ಓಡಿದರೆ ಸಾಕು, ಆಮೇಲಿನದು ಆಮೇಲೆ. 35 ಸಾವಿರ ದಾಟೋಕೆ ನನ್ನಿಂದ ಆಗಲ್ಲ. ಗುಜರಿ ಇಂಜಿನ್ನೋ, ರಿಕಂಡಿಷನ್ನೋ? ಓಮ್ನಿಯದ್ದು ಅಥವಾ ಆಲ್ಟೋದ್ದು ಕೂರುತ್ತಾ? ಗೊತ್ತಿದ್ದವರು ಹೇಳಿ. "ಮಾರಿಬಿಡಿ" ಅನ್ನೋ ಉತ್ತರ ಮಾತ್ರ ಬೇಡ, ಅದನ್ನ ಮನೆಯಲ್ಲೇ ಗಂಡ ದಿನಾ ಹೇಳ್ತಾರೆ.

ರಿಂಗ್ ರೋಡ್ ರಾಯ, ಬೆಂಗಳೂರು

ಅಕ್ಕ, ಬೇಡ ಅಂದಿದ್ದನ್ನೇ ಹೇಳ್ತೀನಿ ಅಂತ ಬೈಬೇಡಿ. 35 ಸಾವಿರಕ್ಕೆ ಇನ್ನೊಂದಷ್ಟು ಸೇರಿಸಿದ್ರೆ ಓಡೋ ಕಂಡೀಷನ್ನಿನ ಹಳೇ ಆಲ್ಟೋನೇ ಸಿಗುತ್ತೆ. ಕೆಲವು ಮಾಡೆಲ್ಲಿನಲ್ಲಿ ಪವರ್ ಸ್ಟೀರಿಂಗ್, ಎ.ಸಿ. ಎಲ್ಲ ಇರುತ್ತೆ.

ಮಾರಲ್ಲ ಅಂತಲೇ ಹಟ ಇದ್ರೆ, ಆಲ್ಟೋ ಇಂಜಿನ್ ಹಾಕಿಸಿ. ಅದೂ 796 ಸಿ.ಸಿ.ನೇ. ಆದ್ರೆ 12 ವಾಲ್ವು, ನಿಮ್ಮದು 6 ವಾಲ್ವು. ನಿಮ್ಮದು 37 ಬಿ.ಎಚ್.ಪಿ., ಅದು 46ರ ಹತ್ತಿರ. ಘಾಟಿ ಹತ್ತೋಕೆ ಅಷ್ಟು ಸಾಕಲ್ವಾ? ನಮ್ಮ ಆಫೀಸಿನ ಒಬ್ಬ ಆಲ್ಟೋ ಕೆ10ರ ಇಂಜಿನ್ನೇ ಹಾಕಿಸಿಕೊಂಡಿದ್ದಾನೆ, ರಾಕೆಟ್ ಥರ ಹೋಗುತ್ತೆ.

ಕುಡ್ಲದ ಕಾರ್ಬುರೇಟರ್, ಮಂಗಳೂರು

ಗುಜರಿ ಇಂಜಿನ್ ಅಂದ ಕೂಡಲೇ ಹೆದರುವುದು ಬೇಡ ಮಾರಾಯ್ರೆ. ನನ್ನ 800ಕ್ಕೆ ಹಾಕಿಸಿದ್ದು ಅದೇ, ಈಗಲೂ ಓಡುತ್ತಾ ಉಂಟು. ಆದರೆ ತೆಗೆದುಕೊಳ್ಳುವ ಕ್ರಮ ಗೊತ್ತಿರಬೇಕು. ನೆಲದ ಮೇಲೆ ಬಿದ್ದಿರುವ ಇಂಜಿನ್ ತಗೊಳ್ಳಬೇಡಿ. ಹಿಂದಿನಿಂದ ಗುದ್ದಿಸಿಕೊಂಡು ಬಾಡಿ ಹೋದ ಗಾಡಿ ಗುಜರಿಗೆ ಬಂದಿರುತ್ತದೆ, ಅದರ ಇಂಜಿನ್ ಇನ್ನೂ ಬಿಚ್ಚಿರುವುದಿಲ್ಲ. ಬ್ಯಾಟರಿ ಕೊಟ್ಟು ಅಲ್ಲೇ ಸ್ಟಾರ್ಟ್ ಮಾಡಿಸಿ ಕಿವಿಯಿಂದ ಕೇಳಿ. ಬಿಸಿಯಾಗುವವರೆಗೆ ಓಡಿಸಿ, ಆಯಿಲ್ ಹಾಕುವ ಮುಚ್ಚಳ ತೆಗೆಯಿರಿ. ಒಳಗೆ ಮಜ್ಜಿಗೆಯ ಹಾಗೆ ಬಿಳಿ ಜಿಡ್ಡು ಕಂಡರೆ ಆಯಿಲಿಗೆ ನೀರು ಸೇರಿದೆ, ಅದು ಬೇಡ. ಮುಚ್ಚಳ ತೆಗೆದಾಗ ಪುಸುಪುಸು ಅಂತ ಹೊಗೆ ಹೊಡೆದರೆ ಪಿಸ್ಟನ್ನಿನ ರಿಂಗು (ಎಣ್ಣೆ ಮೇಲೆ ಹೋಗದ ಹಾಗೆ ತಡೆಯುವ ಬಳೆ) ಸವೆದಿದೆ, ಅದೂ ಬೇಡ. ಪ್ಲಗ್ಗು ಬಿಚ್ಚಿ ನೋಡಿ: ಕಂದು ಬಣ್ಣ ಒಳ್ಳೆಯದು, ಎಣ್ಣೆಮಸಿ ಹಿಡಿದು ಒದ್ದೆಯಾಗಿದ್ದರೆ ಅದಕ್ಕೂ ನಿಮ್ಮ ಗಾಡಿಯದ್ದೇ ಕಾಯಿಲೆ.

ಹೊಸದಾಗಿ ಪೇಂಟ್ ಹೊಡೆದ ಇಂಜಿನ್, ಹೆಡ್ಡಿನ (ಇಂಜಿನ್ನಿನ ಮೇಲ್ಭಾಗ) ಅಂಚಿನಲ್ಲಿ ಸಿಲಿಕಾನ್ ಅಂಟು ಹೊರಗೆ ಬಂದಿರುವ ಇಂಜಿನ್ ಇವೆರಡನ್ನೂ ನಾನು ಮುಟ್ಟುವುದಿಲ್ಲ. ಯಾರೋ ಬಿಚ್ಚಿದ್ದಾರೆ, ಯಾಕೆ ಬಿಚ್ಚಿದ್ದಾರೆ ಅಂತ ಕೇಳಿದರೆ ಹೇಳುವವರು ಯಾರೂ ಇರುವುದಿಲ್ಲ.

ಇನ್ನೊಂದು ಮಾತು. ಇಂಜಿನ್ನಿಗೆ ಕೊಡುವ ದುಡ್ಡು ಸಣ್ಣದು. ಅದು ಹೊರಗೆ ಬಂದ ಮೇಲೆ ಕ್ಲಚ್ ಪ್ಲೇಟ್, ಮೌಂಟಿಂಗ್ ರಬ್ಬರ್, ಟೈಮಿಂಗ್ ಬೆಲ್ಟ್, ನೀರಿನ ಪಂಪು, ಕ್ರ್ಯಾಂಕಿನ ಎರಡು ಆಯಿಲ್ ಸೀಲು ಹೇಗೂ ಹೊಸತೇ ಹಾಕಬೇಕು. ನಿಮ್ಮ ಗ್ಯಾರೇಜಿನ 30 ಸಾವಿರದಲ್ಲಿ ಇವೆಲ್ಲ ಉಂಟಾ ಅಂತ ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಬಾಯಿಮಾತಿನ "ಎಲ್ಲ ಸೇರಿ" ಬಿಲ್ಲಿನಲ್ಲಿ ಇರುವುದಿಲ್ಲ.

ಆರ್.ಸಿ. ಫೈಲು, ಶಿವಮೊಗ್ಗ

ಮೆಕ್ಯಾನಿಕ್ ಕೆಲಸದ ಬಗ್ಗೆ ನನಗೆ ಮಾತಿಲ್ಲ, ಕಾಗದದ ಬಗ್ಗೆ ಮಾತ್ರ ಹೇಳ್ತೀನಿ. ಮೇಡಂ, ಇಂಜಿನ್ ನಂಬರು ಬ್ಲಾಕಿನ (ಇಂಜಿನ್ನಿನ ಕೆಳಗಿನ ದೊಡ್ಡ ಎರಕದ ಮೈ) ಮೇಲೆ ಕೆತ್ತಿರುತ್ತೆ, ಅದೇ ನಂಬರು ನಿಮ್ಮ ಆರ್.ಸಿ.ಯಲ್ಲೂ ಇರುತ್ತೆ. ಬ್ಲಾಕ್ ಬದಲಾದರೆ ನಂಬರು ಬದಲಾಯಿತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್.ಟಿ.ಓ. ಒಪ್ಪಿಗೆ ಪಡೆದೇ ಬದಲಾಯಿಸಬೇಕು. ಬದಲಾಯಿಸಿದ 14 ದಿನದೊಳಗೆ ವರದಿ ಕೊಟ್ಟು ಆರ್.ಸಿ.ಯಲ್ಲಿ ಹೊಸ ನಂಬರು ಬರೆಸಿಕೊಳ್ಳಬೇಕು. ಅದಕ್ಕೆ ಆ ಇಂಜಿನ್ ಎಲ್ಲಿಂದ ಬಂತು ಅನ್ನೋ ಬಿಲ್ಲು, ಅದು ಯಾವ ಗಾಡಿಯದ್ದೋ ಅದರ ಆರ್.ಸಿ. ಪ್ರತಿ ಬೇಕಾಗುತ್ತೆ. ಗುಜರಿಯಲ್ಲಿ ಬಿಲ್ಲು ಕೇಳಿ ನೋಡಿ, ಅರ್ಧ ಜನ ಮುಖ ತಿರುಗಿಸ್ತಾರೆ. ಮೂಲ ಗೊತ್ತಿಲ್ಲದ ಇಂಜಿನ್ ಕಳವು ಗಾಡಿಯದ್ದಾಗಿದ್ದರೆ ಸ್ಟೇಷನ್ ಮೆಟ್ಟಿಲು ಹತ್ತೋರು ನೀವು, ಮಾರಿದವರಲ್ಲ.

"ನಿಮ್ಮದು ಕೊಡಿ, ನಮ್ಮದು ತಗೊಳ್ಳಿ" ಅನ್ನೋ ರಿಕಂಡಿಷನ್ ವ್ಯಾಪಾರಕ್ಕೂ ಇದೇ ಮಾತು. ಕೆಲವರು "ನಿಮ್ಮ ನಂಬರನ್ನೇ ಪಂಚ್ ಮಾಡಿ ಕೊಡ್ತೀವಿ" ಅಂತಾರೆ. ಹಾಗಂದರೆ ಕುರ್ಚಿಯಿಂದ ಎದ್ದು ಬಂದುಬಿಡಿ. ಅದು ಸಹಾಯ ಅಲ್ಲ, ಅಪರಾಧ. ಎಫ್.ಸಿ.ಗೆ ಹೋದಾಗ ಇನ್‌ಸ್ಪೆಕ್ಟರ್ ಮೊದಲು ಬೆರಳಾಡಿಸೋದೇ ಆ ಜಾಗದಲ್ಲಿ.

ರಾಯರು ಹೇಳಿದ ಕೆ10 ಬಗ್ಗೆ: ಅದು 998 ಸಿ.ಸಿ. ಆರ್.ಸಿ.ಯಲ್ಲಿ 796 ಅಂತಿದೆ. ಕಂಪನಿಯ ಮೂಲ ವಿವರಕ್ಕೆ ಹೊಂದದ ಬದಲಾವಣೆ ಮಾಡೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆ. ರಾಕೆಟ್ ಥರ ಹೋಗಲಿ, ಅಪಘಾತ ಆದ ದಿನ ವಿಮೆಯವರು ಅದೇ ರಾಕೆಟ್ ತೋರಿಸಿ ಕೈ ಎತ್ತುತ್ತಾರೆ.

2029ರ ಬಗ್ಗೆ ಕೂಡ ಒಂದು ಮಾತು, ಲೆಕ್ಕಕ್ಕಿರಲಿ. 20 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕವನ್ನ ಕೇಂದ್ರ ಸರ್ಕಾರ 2025ರ ಆಗಸ್ಟ್‌ನಲ್ಲಿ 10,000 ರೂಪಾಯಿಗೆ ಏರಿಸಿದೆ. ಹಸಿರು ತೆರಿಗೆ ಬೇರೆ.

ಹುಬ್ಬಳ್ಳಿ ಗ್ಯಾರೇಜ್ ಕಾಕಾ

ಅಕ್ಕೋರ, ನಮಸ್ಕಾರ್ರಿ. ಎಲ್ಲಾರೂ ಯಾವ ಇಂಜಿನ್ ಹಾಕಬೇಕು ಅಂತ ಹೇಳಾಕತ್ತಾರ, ಇದ್ದ ಇಂಜಿನ್ನಿಗೆ ಏನಾಗೇತಿ ಅಂತ ಒಬ್ರೂ ಕೇಳವಲ್ರು. ನಿಮ್ಮೂರ ಗ್ಯಾರೇಜಿನವ "ಇಂಜಿನ್ ಮುಗೀತು" ಅಂದನಲ್ಲ, ಕಂಪ್ರೆಷನ್ ಗೇಜ್ (ಸಿಲಿಂಡರಿನ್ಯಾಗ ಗಾಳಿ ಎಷ್ಟು ಒತ್ತಡಕ್ಕ ಬರತೈತಿ ಅಂತ ಅಳಿಯೂದು) ಹಚ್ಚಿ ನೋಡ್ಯಾನೇನ್ರಿ? ನೋಡಿದ್ರ ನೀವು ಲೆಕ್ಕದ ಮಂದಿ, ಮೊದಲ ಆ ಅಂಕಿನ ಬರದಿರತಿದ್ರಿ. ಹೊಗಿ ನೋಡಿ ಮಣ್ಣಿಗೆ ಹೊತ್ತಾಕತ್ತಾನ ಅವ.

ಮೊದಲ ಬ್ಯಾರೆ ಇಂಜಿನ್ನಿನ ವಿಚಾರ ಮುಗಸಿಬಿಡ್ತೇನಿ. ಓಮ್ನಿದು ನಿಮ್ಮದು ಎರಡೂ ಎಫ್8ಬಿ ಅನ್ನೋ ಒಂದ ಜಾತಿ ಇಂಜಿನ್, ಮೂರು ಸಿಲಿಂಡರ್, 796 ಸಿ.ಸಿ. ಖರೇ. ಆದ್ರ ಓಮ್ನಿ ಹಿಂದಿನ ಗಾಲಿ ತಿರುಗಸೋ ಗಾಡಿ, ಇಂಜಿನ್ ಡ್ರೈವರ್ ಸೀಟಿನ ಕೆಳಗ ಉದ್ದಕ ಕುಂತಿರತೈತಿ. ನಿಮ್ಮದು ಮುಂದಿನ ಗಾಲಿ ಗಾಡಿ, ಇಂಜಿನ್ ಅಡ್ಡ ಕುಂತೈತಿ. ಆಯಿಲ್ ಸಂಪು, ಮ್ಯಾನಿಫೋಲ್ಡು, ಮೌಂಟಿಂಗು ಎಲ್ಲಾ ಬ್ಯಾರೆ. ಓಮ್ನಿಯಿಂದ ನಿಮಗ ಲಾಭ ಒಂದ: 800 ತಯಾರಿ 2014ರಾಗ ನಿಂತರೂ ಓಮ್ನಿ 2019ರ ತನಕ ಬಂತು. ಹಿಂಗಾಗಿ ಪಿಸ್ಟನ್, ರಿಂಗು, ಬೇರಿಂಗು ಇವತ್ತಿಗೂ ಯಾವ ಸಣ್ಣ ಊರಾಗೂ ಸಿಗತಾವು. ಆಲ್ಟೋ ಇಂಜಿನ್ನಿಗೆ ಇ.ಸಿ.ಎಂ. (ಇಂಜಿನ್ ನಡಸೋ ಕಂಪ್ಯೂಟರ್ ಪೆಟ್ಟಿಗಿ) ಬೇಕು, ಅದರ ವೈರಿಂಗ್ ಬೇಕು, ಸೆನ್ಸರ್ ಬೇಕು, ಪೆಟ್ರೋಲ್ ಟ್ಯಾಂಕಿನ್ಯಾಗ ಕರೆಂಟ್ ಪಂಪು ಬೇಕು. ನಿಮ್ಮ ಗಾಡ್ಯಾಗ ಇವು ಒಂದೂ ಇಲ್ಲ. ರಾಯರ, ನೀವು 35 ಸಾವಿರದ ಮಾತು ಹೇಳ್ರೀಪಾ, 90 ಸಾವಿರದ್ದು ಬ್ಯಾಡ.

ಈಗ ನಿಮ್ಮ ಇಂಜಿನ್. ಹಿಂಗ ಮಾಡ್ಸ್ರಿ. ಗಾಡಿ ಬಿಸಿ ಆಗೋ ಮಟ ಓಡಸ್ರಿ. ಮೂರೂ ಪ್ಲಗ್ ತಗಸ್ರಿ. ಕಾಯಿಲ್‌ದಿಂದ ಬರೋ ದಪ್ಪ ವೈರು ಬಿಚ್ಚಿ ಇಡ್ರಿ. ಒಬ್ರು ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿಯಬೇಕು, ಇಲ್ಲಂದ್ರ ಗಾಳಿ ಒಳಗ ಹೋಗೂದಿಲ್ಲ, ಅಂಕಿ ಸುಳ್ಳು ಬರತಾವು. ಬ್ಯಾಟರಿ ತುಂಬಿರಬೇಕು. ಒಂದೊಂದ ಸಿಲಿಂಡರಿಗೆ ಗೇಜ್ ಹಚ್ಚಿ ಸೆಲ್ಫ್ ಹೊಡಸ್ರಿ, ಮುಳ್ಳು ಏರೂದು ನಿಂತ ಮ್ಯಾಲೆ ಬರಕೋರಿ. ಆಮ್ಯಾಲೆ ಪ್ಲಗ್ಗಿನ ತೂತಿನ್ಯಾಗ ಒಂದೊಂದು ಚಮಚ ಇಂಜಿನ್ ಆಯಿಲ್ ಹಾಕಿ ಮತ್ತೊಮ್ಮೆ ನೋಡ್ರಿ. ಎಣ್ಣಿ ಹಾಕಿದ ಮ್ಯಾಲೆ ಅಂಕಿ ಜಿಗದ್ರ ರಿಂಗು, ಬೋರು (ಪಿಸ್ಟನ್ ಓಡಾಡೋ ಕೊಳವಿ) ಸವದಾವು, ಯಾಕಂದ್ರ ಎಣ್ಣಿ ಆ ಸಂದಿ ಮುಚ್ಚತೈತಿ. ಏರಲಿಲ್ಲಂದ್ರ ರೋಗ ಮ್ಯಾಲೈತಿ, ವಾಲ್ವಿನ್ಯಾಗೋ ಹೆಡ್ ಗ್ಯಾಸ್ಕೆಟ್ಟಿನ್ಯಾಗೋ.

ಇನ್ನೊಂದು. ಡಿಪ್‌ಸ್ಟಿಕ್ (ಆಯಿಲ್ ಅಳಿಯೋ ಕಡ್ಡಿ) ತಗದು ಮೂಸಿ ನೋಡ್ರಿ. ಕಾರ್ಬುರೇಟರ್ ಗಾಡ್ಯಾಗ ಪೆಟ್ರೋಲ್ ಪಂಪು ಇಂಜಿನ್ ಮೈಗೆ ಇರತೈತಿ, ಅದರೊಳಗಿನ ಡಯಾಫ್ರಾಮ್ ಹರದ್ರ ಪೆಟ್ರೋಲ್ ಸೀದಾ ಆಯಿಲ್‌ನ್ಯಾಗ ಇಳೀತೈತಿ. ಆಯಿಲ್ ನೀರಾಗತೈತಿ, ಹೊಗಿ ಬರತೈತಿ, ಮಂದಿ ಇಂಜಿನ್ ಬಿಚ್ಚಾಕ ಹೋಗತಾರ. ಕೆಲವು ನೂರು ರೂಪಾಯಿದ ಪಂಪಿಗೆ ಇಂಜಿನ್ ಇಳಿಸಿದ ಗಾಡಿ ನನ್ನ ಗ್ಯಾರೇಜಿಗೆ ಬಂದಾವು.

ಹೊಗೀದೂ ಒಂದು ಭಾಷಾ ಐತಿ. ರಾತ್ರಿ ನಿಂತ ಗಾಡಿ ಮುಂಜಾನೆ ಹೊಗಿ ಉಗುಳಿ ಕಡಿಮಿ ಆದ್ರ ವಾಲ್ವಿನ ಆಯಿಲ್ ಸೀಲು ಗಟ್ಟಿ ಆಗ್ಯಾವು. ರಾತ್ರಿ ಎಲ್ಲಾ ಎಣ್ಣಿ ಹನಿಹನಿ ಕೆಳಗ ಇಳದಿರತೈತಿ. ಏರ್ಯಾಗ ಎಳಿಯುವಾಗ ಹೊಗಿ ಬಂದ್ರ ರಿಂಗು. ಇಳಕಲಿನ್ಯಾಗ ಆಕ್ಸಿಲರೇಟರ್ ಬಿಟ್ಟು ಬಂದು ಮತ್ತ ಒತ್ತಿದಾಗ ಬುಸ್ ಅಂದ್ರ ವಾಲ್ವ್ ಗೈಡು. ನಿಮ್ಮಪ್ಪಾರಿಗೆ ಓಡಸಾಕ ಕೊಟ್ಟು ನೀವು ಹಿಂದ ನಿಂತು ನೋಡ್ರಿ. ಅವರಿಗೂ ಸಮಾಧಾನ ಆಗತೈತಿ.

ಬ್ಲಾಕ್ ಮಾತ್ರ ಕೈ ಬಿಡಬ್ಯಾಡ್ರಿ. ಸೀಳಿಲ್ಲಂದ್ರ ಅದು ಎರಕದ ಕಬ್ಬಿಣ, ಇನ್ನೂ ಒಂದೆರಡು ಸಲ ಬೋರ್ ಮಾಡಿಸಿಕೊಂಡು (ಸವದ ಕೊಳವಿ ಕೊರದು ಚೂರು ಅಗಲ ಮಾಡೂದು) ಓಡತೈತಿ. ಶಿವಮೊಗ್ಗದವರು ಹೇಳಿದ್ದು ಕೇಳಿದ್ರೆಲ್ಲ, ನಂಬರ್ ಅದರ ಮ್ಯಾಲ ಐತಿ. ನಿಮ್ಮ ಬ್ಲಾಕ್ ಉಳದ್ರ ಆರ್.ಟಿ.ಓ. ಕಡೆ ಹೋಗೂದ ಬ್ಯಾಡ.

ಕುಡ್ಲದ ಕಾರ್ಬುರೇಟರ್, ಮಂಗಳೂರು

ಕಾಕಾ ಹೇಳುವುದು ಸರಿ, ಆದರೆ ಒಂದು ಕಡೆ ನನಗೆ ಒಪ್ಪಿಗೆ ಇಲ್ಲ. ಬೋರ್ ಮಾಡಿಸಿದ ಇಂಜಿನ್ ಒಳ್ಳೆಯದಾಗಬೇಕಾದರೆ ಲೇತಿನವನ ಕೈ ಒಳ್ಳೆಯದಿರಬೇಕು. ಹುಬ್ಬಳ್ಳಿಯಲ್ಲಿ ಕಾಕನ ಪರಿಚಯದವರು ಇರುತ್ತಾರೆ. ಸಣ್ಣ ಊರಿನಲ್ಲಿ ಬೋರ್ ಗೇಜ್ ಇಲ್ಲದೆ ಬೆರಳಲ್ಲಿ ಮುಟ್ಟಿ "ಸರಿ ಇದೆ" ಅನ್ನುವವರೂ ಇದ್ದಾರೆ. ನನ್ನ ಗಾಡಿಗೆ ಮೊದಲು ಮಾಡಿಸಿದ್ದು ಬೋರಿಂಗೇ. ಪಿಸ್ಟನ್ ಬಿಗಿಯಾಗಿ ಒಂದು ಮಳೆಗಾಲ ಮುಗಿಯುವುದರೊಳಗೆ ಹಿಡಿದುಕೊಂಡಿತು. ಮಾಡಿದವರ ಹೆಸರು ಹೇಳಿ ಪ್ರಯೋಜನ ಇಲ್ಲ, ಅಂಗಡಿಯನ್ನೇ ಮುಚ್ಚಿದ್ದಾರೆ. ಗುಜರಿ ಇಂಜಿನ್ ಹುಡುಕಿಕೊಂಡು ಹೋದದ್ದು ಆಮೇಲೆ. ಕಂಪನಿಯಲ್ಲಿ ಜೋಡಿಸಿದ್ದು, ಯಾರೂ ಬಿಚ್ಚದ್ದು ಸಿಕ್ಕಿದರೆ ಅದರಷ್ಟು ಒಳ್ಳೆಯದು ಬೇರೆ ಇಲ್ಲ ಅಂತ ನನ್ನ ಅಭಿಪ್ರಾಯ.

ಹುಬ್ಬಳ್ಳಿ ಗ್ಯಾರೇಜ್ ಕಾಕಾ

ಕುಡ್ಲದವರ, ನಿಮ್ಮ ಮಾತಿಗೆ ನಾ ಇಲ್ಲ ಅನ್ನೂದಿಲ್ಲ. ಯಾರೂ ಬಿಚ್ಚದ ಇಂಜಿನ್ ಸಿಕ್ಕರ ಬಂಗಾರ. ಆದ್ರ 800 ಕಾರ್ಬುರೇಟರ್ ಗಾಡಿ ಅಂದ್ರ ಎಲ್ಲಾದಕೂ 25 ವರ್ಷದ ಆಚೀಚಿ ವಯಸ್ಸಾಗೇತಿ. ಇನ್ನೂ ಯಾರೂ ಬಿಚ್ಚಿಲ್ಲದ್ದು ಎಲ್ಲಿ ಉಳದೈತಿ ಹೇಳ್ರಿ? ನಿಮಗ ಸಿಕ್ಕಾಗಿನ ಕಾಲ ಬ್ಯಾರೆ.

ಲೇತಿನ ಮಾತು ಮಾತ್ರ ನೂರಕ್ಕ ನೂರು ಖರೇ.

ಗಣಿತದಕ್ಕ, ಸಾಗರ

ಎಲ್ಲರಿಗೂ ಧನ್ಯವಾದ. ಕಾಕಾ, ನೀವು ಹೇಳಿದ ಹಾಗೆ ಮಾಡಿಸಿದೆ. ಊರಿನ ಗ್ಯಾರೇಜಲ್ಲಿ ಗೇಜ್ ಇತ್ತು, ಡ್ರಾಯರಿನ ತಳದಲ್ಲಿ, ಪೇಪರಲ್ಲಿ ಸುತ್ತಿಟ್ಟಿದ್ದರು. ಟೈಮಿಂಗ್ ಬೆಲ್ಟಿನ ಕಡೆಯಿಂದ ಲೆಕ್ಕ ಹಾಕಿದ್ದೀನಿ, ಪಿ.ಎಸ್.ಐ.ನಲ್ಲಿ (ಗಾಳಿಯ ಒತ್ತಡದ ಅಳತೆ):

ಒಂದನೇ ಸಿಲಿಂಡರ್: ಒಣಗಿದ್ದಾಗ 140, ಎಣ್ಣೆ ಹಾಕಿದ ಮೇಲೆ 165.
ಎರಡನೇದು: 85, ಆಮೇಲೆ 90.
ಮೂರನೇದು: 85, ಆಮೇಲೆ 88.

ಡಿಪ್‌ಸ್ಟಿಕ್ ಮೂಸಿದ್ದು ಅಪ್ಪ. ಪೆಟ್ರೋಲ್ ವಾಸನೆ ಇಲ್ಲ ಅಂದರು. ಚೇಣಿಯವರು (ತೋಟದ ಫಸಲು ಗುತ್ತಿಗೆ ಹಿಡಿಯೋರು) ತಂದ ಅಡಕೆ ಎಷ್ಟು ಒಣಗಿದೆ ಅಂತ ಮೂಸಿಯೇ ಹೇಳೋರು ಅವರು, ಮೂಗಿನ ವಿಷಯದಲ್ಲಿ ವಾದ ಮಾಡಲ್ಲ. ಗಾಡಿ ಓಡಿಸಿದ್ದೂ ಅವರೇ, ನಾನು ಹಿಂದೆ ನಿಂತಿದ್ದೆ. ಬೆಳಿಗ್ಗೆ ಹೊಗೆ ಜಾಸ್ತಿ, ದಿಬ್ಬ ಹತ್ತಿಸಿದಾಗ ತೆಳುವಾಗಿ ಬಂತು. ವಾಪಸ್ ಬಂದವರು "ಎರಡನೇ ಗೇರು ಎಳೆಯಲ್ಲ" ಅಂದರು, ಇದೇ ಮೊದಲ ಸಲ ಕಂಡುಹಿಡಿದವರ ಥರ.

ನನಗೆ ಅರ್ಥವಾಗಿದ್ದು ಇಷ್ಟು: ಒಂದನೇದರಲ್ಲಿ ಎಣ್ಣೆಗೆ 25 ಏರಿತು, ಅಂದರೆ ರಿಂಗ್ ಸವೆದಿದೆ. ಎರಡು, ಮೂರರಲ್ಲಿ ಏರಲಿಲ್ಲ, ಆದ್ದರಿಂದ ರೋಗ ಮೇಲೆ. ಆದರೆ ಎರಡೂ ಒಂದೇ ಅಂಕಿಗೆ ಇಳಿದಿರೋದು ಕಾಕತಾಳೀಯ ಅಂತ ಅನ್ನಿಸ್ತಾ ಇಲ್ಲ.

ಹುಬ್ಬಳ್ಳಿ ಗ್ಯಾರೇಜ್ ಕಾಕಾ

ಅಕ್ಕೋರ, ನಿಮ್ಮ ಹುಡುಗೂರು ಪುಣ್ಯ ಮಾಡ್ಯಾವು. ಅದ ಪ್ರಶ್ನಿ ನೋಡ್ರಿ.

ಪಕ್ಕಪಕ್ಕದ ಎರಡು ಸಿಲಿಂಡರ್ ಸರಿಸಮ ಇಳದು, ಎಣ್ಣಿಗೂ ಏರಲಿಲ್ಲಂದ್ರ ಹತ್ತಕ್ಕ ಒಂಬತ್ತು ಸಲ ಅವೆರಡರ ನಡುವಿನ ಹೆಡ್ ಗ್ಯಾಸ್ಕೆಟ್ (ಹೆಡ್ಡು, ಬ್ಲಾಕು ಕೂಡೋ ಕಡೆ ಹಾಕೋ ಸೀಲು) ಸುಟ್ಟೈತಿ. ಒಂದರ ಗಾಳಿ ಇನ್ನೊಂದಕ್ಕ ಹೋಗಾಕತ್ತೈತಿ. ಬ್ಯಾಸಗಿಯೊಳಗ ಪೈಪು ಒಡದು ಬಿಸಿ ಆಗಿತ್ತು ಅಂದ್ರಲ್ಲ, ಅವತ್ತ ಹೆಡ್ ಬಗ್ಗೇತಿ. ಈ ಇಂಜಿನ್ನಿನ ಹೆಡ್ ಅಲ್ಯೂಮಿನಿಯಮ್, ಬ್ಲಾಕ್ ಕಬ್ಬಿಣ. ಬಿಸಿ ಹೆಚ್ಚಾದ್ರ ಮೊದಲ ಬಾಗೂದು ಅಲ್ಯೂಮಿನಿಯಮ್. ನೀರು ಕಡಿಮಿ ಆಗಿರಲಿಕ್ಕಿಲ್ಲ, ಆಯಿಲ್‌ನ್ಯಾಗ ನೀರೂ ಸೇರಿರಲಿಕ್ಕಿಲ್ಲ, ಹಿಂಗಾಗಿ ಯಾರಿಗೂ ಗೊತ್ತಾಗಿಲ್ಲ. ಗಾಡಿ ನಡುಗೂದು, ಏರಿ ಹತ್ತದ್ದು ಎಲ್ಲಾ ಇದರಿಂದ. ಮೂರರಾಗ ಒಂದ ಸಿಲಿಂಡರ್ ನೆಟ್ಟಗ ದುಡಿಯಾಕತ್ತೈತಿ, ಪಾಪ.

ಮುಂಜಾನಿ ಹೊಗಿ ವಾಲ್ವ್ ಸೀಲು. ಏರಿನ ತೆಳು ಹೊಗಿ ರಿಂಗು. ಮೂರು ಬ್ಯಾರೆ ಬ್ಯಾರೆ ರೋಗ ಕೂಡಿದಾಗ ಮಂದಿಗೆ ಸಾವು ಅನಸತೈತಿ.

ಹೆಡ್ ಬಿಚ್ಚಸ್ರಿ. ಇಂಜಿನ್ ಇಳಸೋದು ಬ್ಯಾಡ, ಕುಂತಲ್ಲೇ ಹೆಡ್ ಬರತೈತಿ. ಬೋಲ್ಟು ಇಂಜಿನ್ ತಣ್ಣಗಾದ ಮ್ಯಾಲೆ ಬಿಚ್ಚಬೇಕು, ಬಿಸಿ ಇದ್ದಾಗ ಬಿಚ್ಚಿದ್ರ ಹೆಡ್ ಮತ್ತಷ್ಟು ಬಾಗತೈತಿ. ಹೆಡ್ಡಿನ ಮುಖದ ಮ್ಯಾಲೆ ಸೀದಾ ಪಟ್ಟಿ ಇಟ್ಟು ಫೀಲರ್ ಗೇಜ್‌ದ (ಸಂದಿ ಅಳಿಯೋ ತೆಳು ಲೋಹದ ಎಲಿಗಳ ಕಟ್ಟು) 0.05 ಮಿ.ಮೀ. ಎಲಿ ಸಂದ್ಯಾಗ ಹೋದ್ರ ಫೇಸಿಂಗ್ (ಮುಖ ತರದು ಸಮ ಮಾಡೂದು) ಬೇಕು. ವಾಲ್ವ್ ಸೀಲು ಹೊಸಾವು ಹಾಕಿ, ವಾಲ್ವ್ ಉಜ್ಜಿಸಿ ಕೂರಸ್ರಿ. ಬೆಲ್ಟ್ ಹೆಂಗೂ ಕೈಗೆ ಬಂದಿರತೈತಿ, ಬದಲಸ್ರಿ, ನೀರಿನ ಪಂಪೂ ಅದರ ಜೋಡಿ.

ಹೆಡ್ ತಗದಾಗ ಬೋರ್ ಕಾಣತೈತಿ. ಅಲ್ಲೇ ಬೋರ್ ಗೇಜ್ ಇಟ್ಟು ಮ್ಯಾಲೆ, ನಡುವ, ಕೆಳಗ ಅಳಸ್ರಿ, ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ. ಹೊಸದಿದ್ದಾಗ 68.5 ಮಿ.ಮೀ. ಸವದದ್ದು 0.1 ದಾಟಿರದಿದ್ರ ಹೋನಿಂಗ್ (ಬೋರಿನ ಒಳಮೈ ಹಗೂರ ಉಜ್ಜೂದು) ಮಾಡಿ ಹೊಸ ರಿಂಗ್ ಹಾಕಿದ್ರ ನಡೀತೈತಿ. ದಾಟಿದ್ರ ಬ್ಲಾಕ್ ಇಳಿಸಿ ಬೋರಿಂಗ್, 0.25 ಇಲ್ಲಾ 0.50 ಓವರ್‌ಸೈಜ್ ಪಿಸ್ಟನ್. ಕುಡ್ಲದವರು ಹೇಳಿದ ತ್ರಾಸ ಬರಬಾರದಂದ್ರ ಪಿಸ್ಟನ್ ಮೊದಲ ತೊಗೊಂಡು ಲೇತಿನವರ ಕೈಯಾಗ ಕೊಡ್ರಿ. ಪಿಸ್ಟನ್ ಅಳದು ಅದಕ್ಕ ತಕ್ಕಂಗ ಬೋರ್ ಕೊರೀಬೇಕು, ಬೋರ್ ಕೊರದ ಮ್ಯಾಲೆ ಪಿಸ್ಟನ್ ಹುಡುಕೂದಲ್ಲ.

ನನ್ನ ಅಂದಾಜು: ಹೆಡ್ ಕೆಲಸ ಅಷ್ಟ ಆದ್ರ 12ರಿಂದ 15 ಸಾವಿರ. ಬೋರ್, ಪಿಸ್ಟನ್, ಬೇರಿಂಗ್ ಸೇರಿದ್ರ 30ರ ಆಚೀಚಿ. ನಿಮ್ಮೂರ ಕೂಲಿ ನನಗ ಗೊತ್ತಿಲ್ಲ.

ರಿಂಗ್ ರೋಡ್ ರಾಯ, ಬೆಂಗಳೂರು

ಒಂದು ಡೌಟು. ಅಷ್ಟೆಲ್ಲ ಬಿಚ್ಚಿದ ಮೇಲೆ ರಿಂಗು ಸವೆದಿದೆ ಅಂತ ಗೊತ್ತಿದ್ದೂ ಹೆಡ್ ಮಾತ್ರ ಮಾಡಿ ಮುಚ್ಚೋದು ಸರಿನಾ? ಮೇಲೆ ಕಂಪ್ರೆಷನ್ ಸರಿ ಆದ್ರೆ ಕೆಳಗಿನ ಸವೆದ ರಿಂಗಿಗೆ ಭಾರ ಜಾಸ್ತಿ ಬಿದ್ದು ಹೊಗೆ ಇನ್ನೂ ಜಾಸ್ತಿ ಆಗುತ್ತೆ ಅಂತ ಕೇಳಿದ್ದೆ.

ಹುಬ್ಬಳ್ಳಿ ಗ್ಯಾರೇಜ್ ಕಾಕಾ

ಚಲೋ ಕೇಳಿದ್ರಿ. ಅದು ಆಗತೈತಿ, ಭಾಳ ಸವದ ಇಂಜಿನ್ನಿನ್ಯಾಗ. ಅದಕ್ಕ ಅಳತಿ ನೋಡಿ ಅಂದದ್ದು. 140 ಅಂದ್ರ ಇನ್ನೂ ಜೀವ ಐತಿ.

ಗಣಿತದಕ್ಕ, ಸಾಗರ

ಹೆಡ್ ಬಿಚ್ಚಿಸಿದೆ. ನಾನು ಎದುರಿಗೇ ನಿಂತಿದ್ದೆ, ಫೀಲರ್ ಗೇಜ್ ಹಿಡಿದುಕೊಂಡು. ಎರಡು ಮತ್ತು ಮೂರರ ನಡುವೆ ಗ್ಯಾಸ್ಕೆಟ್ ಬೆರಳಗಲ ಸುಟ್ಟು ಕರ್ರಗಾಗಿದೆ, ತಂತಿ ಹೊರಗೆ ಬಂದಿದೆ. 0.05ರ ಎಲೆ ಹೋಯಿತು, 0.10ರದ್ದೂ ಹೋಯಿತು. ಫೇಸಿಂಗಿಗೆ ಹೆಡ್ಡನ್ನ ಶಿವಮೊಗ್ಗಕ್ಕೆ ಕಳಿಸಿದ್ದೇವೆ.

ಬೋರ್ ಗೇಜ್ ನಮ್ಮ ಗ್ಯಾರೇಜಲ್ಲಿ ಇಲ್ಲ. ಲೇತಿನವರೇ ಬಂದು ಅಳೆದು ಕೊಟ್ಟರು: ಅತಿ ಹೆಚ್ಚು ಸವೆತ ಒಂದನೇದರಲ್ಲಿ, ಮೇಲ್ಭಾಗದಲ್ಲಿ, 68.57. ಉಳಿದವು 68.55ರೊಳಗೆ. ಅಂದರೆ 0.07, 0.05. ಕಾಕಾ ಹೇಳಿದ ಗೆರೆ ದಾಟಿಲ್ಲ. ಹಾಗಾಗಿ ಬೋರಿಂಗ್ ಇಲ್ಲ. ಸಂಪು ಇಳಿಸಿ ಪಿಸ್ಟನ್ ಹೊರಗೆ ತೆಗೆದು, ಹೋನಿಂಗ್ ಮಾಡಿ, ಅದೇ ಪಿಸ್ಟನ್ನಿಗೆ ಸ್ಟ್ಯಾಂಡರ್ಡ್ ಅಳತೆಯ ಹೊಸ ರಿಂಗ್. ಸಂಪು ಇಳಿಸಿದ ಮೇಲೆ ಕನೆಕ್ಟಿಂಗ್ ರಾಡಿನ ಬೇರಿಂಗ್ ಕೂಡ. ಚೀಟಿಯಲ್ಲಿ ಬರೆಸಿಕೊಂಡೆ (ಕುಡ್ಲದವರ ಸಲಹೆ): 21,400. ಗ್ಯಾರೇಜಿನವರು ಬರೆಯುವಾಗ ಮುಖ ಸ್ವಲ್ಪ ಸಪ್ಪಗಿತ್ತು. ಗುಜರಿ ಇಂಜಿನ್ನಿಗೆ ಯಾರಿಗೋ ಮಾತು ಕೊಟ್ಟಿದ್ದರೋ ಏನೋ.

ಉಳಿದ ದುಡ್ಡಲ್ಲಿ ರೇಡಿಯೇಟರ್ ಬಿಚ್ಚಿಸಿ ಒಳಗೆ ತೊಳೆಸೋದು ಅಂತ ಇದೀನಿ. ಬೇರೆ ಏನಾದರೂ ಈಗಲೇ ಮಾಡಿಸೋದು ಒಳ್ಳೇದಾ?

ಹುಬ್ಬಳ್ಳಿ ಗ್ಯಾರೇಜ್ ಕಾಕಾ

ರೇಡಿಯೇಟರ್ ಖಂಡಿತ ಮಾಡಸ್ರಿ, ಥರ್ಮೋಸ್ಟಾಟ್ (ಇಂಜಿನ್ ಬಿಸಿ ಆಗೋ ಮಟ ರೇಡಿಯೇಟರಿಗೆ ಹೋಗೋ ನೀರು ತಡಿಯೂದು) ಹೊಸದು ಹಾಕಸ್ರಿ. ತಗದು ಒಗೀರಿ ಅಂತ ಯಾರರ ಹೇಳಿದ್ರ ಕೇಳಬ್ಯಾಡ್ರಿ. ಮಲೆನಾಡಿನ ಚಳಿಗೆ ಇಂಜಿನ್ ಬಿಸಿ ಆಗಲಿಲ್ಲಂದ್ರ ರಿಂಗು, ಬೋರು ಲಗೂನ ಸವೀತಾವು. ನೀರಿನ ಬದಲಿ ಕೂಲಂಟ್ ಹಾಕ್ರಿ, ನಳದ ನೀರಿನಿಂದ ಅಲ್ಯೂಮಿನಿಯಮ್ ಹೆಡ್ ತೂತು ಬೀಳತೈತಿ.

ಪೆಟ್ರೋಲ್ ಪೈಪು ಎಲ್ಲಾ ಬದಲಸ್ರಿ. ಈಗ ಬಂಕಿನ್ಯಾಗ ಬರೂದು 20 ಪರ್ಸೆಂಟ್ ಎಥನಾಲ್ ಕೂಡಿದ ಪೆಟ್ರೋಲು, 1999ರ ರಬ್ಬರಿಗೆ ಅದು ಒಗ್ಗೂದಿಲ್ಲ. ಮೆತ್ತಗಾಗಿ ಬಿರುಕು ಬಿಡತೈತಿ. ಎಥನಾಲ್ ತಡಕೊಳ್ಳೋ ಪೈಪು ಅಂತ ಕೇಳಿ ತೊಗೋರಿ. ಕಾರ್ಬುರೇಟರ್ ಕಿಟ್ಟು, ಪೆಟ್ರೋಲ್ ಪಂಪಿನ ಡಯಾಫ್ರಾಮ್ ಇದ್ರಾಗ ಬಂತು.

ಹೊಸ ರಿಂಗ್ ಕೂರೂ ಮಟ ಒಂದ ಸ್ಪೀಡಿನ್ಯಾಗ ಉದ್ದಕ ಓಡಸಬ್ಯಾಡ್ರಿ. ಏರಸ್ರಿ, ಇಳಸ್ರಿ, ಗೇರ್ ಬದಲಸಿಕೋತ ಹೋಗ್ರಿ. ನಿಂತಲ್ಲೆ ಐಡಲ್ ಬಿಟ್ಟು ಬಿಸಿ ಮಾಡೂದು ಬ್ಯಾಡ. 500 ಕಿ.ಮೀ.ಗೆ ಆಯಿಲ್, ಫಿಲ್ಟರ್ ಎರಡೂ ಬದಲು. ಅಲ್ಲೀತನಕ ಅಡಕಿ ಚೀಲ ಹಾಕಬ್ಯಾಡ್ರಿ, ಹುಲಿಕಲ್ ಘಾಟಿನೂ ಬ್ಯಾಡ. ಅತ್ತಿಯವರಿಗೆ ಫೋನ್ ಮಾಡಿ ಹೇಳ್ರಿ.

ಆರ್.ಸಿ. ಫೈಲು, ಶಿವಮೊಗ್ಗ

ಬ್ಲಾಕ್ ಅದೇ ಉಳಿಯಿತಲ್ಲ, ನನ್ನ ಕಡೆಯಿಂದ ಏನೂ ಕೆಲಸ ಇಲ್ಲ ಮೇಡಂ. ಹೊಗೆ ತಪಾಸಣೆ ಮಾತ್ರ ಹೊಸದಾಗಿ ಮಾಡಿಸಿ, ಕಾರ್ಬುರೇಟರ್ ಬಿಚ್ಚಿ ಜೋಡಿಸಿದ ಮೇಲೆ ಅಂಕಿ ಬದಲಾಗಿರುತ್ತೆ. ಮತ್ತೆ ಆ ಚೀಟಿ ಎಸೆಯಬೇಡಿ.

ಕುಡ್ಲದ ಕಾರ್ಬುರೇಟರ್, ಮಂಗಳೂರು

0.07 ಅಂದರೆ ಅಪ್ಪ ಗಾಡಿ ಚೆನ್ನಾಗಿ ಇಟ್ಟುಕೊಂಡಿದ್ದರು ಅಂತ ಲೆಕ್ಕ. ಅವರಿಗೆ ಹೇಳಿ. ರೇಡಿಯೇಟರ್ ಬಿಚ್ಚುವಾಗ ಫ್ಯಾನಿನ ಸ್ವಿಚ್ಚೂ ಒಮ್ಮೆ ನೋಡಿಸಿ ಅಕ್ಕ. ಫ್ಯಾನು ಸರಿ ಇದ್ದು ಸ್ವಿಚ್ ಕೈಕೊಟ್ಟು ಬಿಸಿಯಾಗುವ 800 ಬೇಕಾದಷ್ಟು ಉಂಟು.